ಜಡ್ಜ್ ಸಾಹೇಬರು ಓಟು ಕೇಳಲು ಬಂದರೆ

ಪಂಚಾಯಿತಿ ಮೆಂಬರಿಂದ ಎಂಪಿವರೆಗೆ ಎಲ್ಲರನ್ನೂ ನಾವೇ ಆರಿಸುತ್ತೇವೆ. ಹಾಲಿನ ಡೇರಿಗೂ ಎಲೆಕ್ಷನ್, ಸೊಸೈಟಿಗೂ ಎಲೆಕ್ಷನ್. ಜಡ್ಜುಗಳಿಗೆ ಮಾತ್ರ ಯಾಕಿಲ್ಲ? ಮಂಡ್ಯದ ಕಡೆ ಈ ಪ್ರಶ್ನೆ ಎತ್ತುವವರು ಅದರ ಬಾಲಕ್ಕೆ ಇನ್ನೊಂದು ಮಾತನ್ನೂ ಕಟ್ಟಿರುತ್ತಾರೆ: "ಅದೇನೋ ಕೊಲಿಜಿಯಂ ಅಂತೆ, ಅವ್ರವ್ರೇ ಮಾಡ್ಕತಾರಂತೆ." ಪ್ರಶ್ನೆ ಸರಿಯಾಗಿಯೇ ಇದೆ. ಬಾಲದ ಮಾತು ಅರ್ಧ ತಪ್ಪು. ಮಳವಳ್ಳಿಯಲ್ಲೋ ಕೆ.ಆರ್. ಪೇಟೆಯಲ್ಲೋ ನಿಮ್ಮ ಪಾಲಿನ ದಾವೆ ನಡೆಸುವ ಜಡ್ಜನ್ನು ಯಾವ ಕೊಲಿಜಿಯಮ್ಮೂ ಆರಿಸಿಲ್ಲ. ಅವರು ಪರೀಕ್ಷೆ ಬರೆದು ಬಂದವರು. ಕೊಲಿಜಿಯಂ, ಅಂದರೆ ಹಿರಿಯ ನ್ಯಾಯಮೂರ್ತಿಗಳೇ ಕೂತು ಹೊಸಬರ ಹೆಸರು ಆರಿಸುವ ಕೂಟ, ಇರುವುದು ಹೈಕೋರ್ಟಿಗೆ ಮತ್ತು ಸುಪ್ರೀಂ ಕೋರ್ಟಿಗೆ. ನಮ್ಮ ಜನರಲ್ಲಿ ಹೆಚ್ಚಿನವರು ಜೀವಮಾನದಲ್ಲಿ ಒಮ್ಮೆಯೂ ಆ ಮೆಟ್ಟಿಲು ಹತ್ತುವುದಿಲ್ಲ. ಟೀವಿಯಲ್ಲಿ ನಡೆಯುವ ಜಗಳ ಮೇಲಿನ ಮಹಡಿಯದು, ನಾವು ತಾರೀಖಿಗೆ ಹೋಗಿ ಕೂರುವುದು ಕೆಳಗಿನ ಮಹಡಿಯಲ್ಲಿ.

ಆದ್ದರಿಂದ ಕೆಳಗಿನಿಂದಲೇ ನೋಡಿಕೊಂಡು ಹೋಗೋಣ.

ಮೊದಲ ಬಾಗಿಲು ಸಿವಿಲ್ ನ್ಯಾಯಾಧೀಶರದು. ಸಂವಿಧಾನದ 234ನೇ ವಿಧಿಯ ಪ್ರಕಾರ ಇವರನ್ನು ನೇಮಿಸುವವರು ರಾಜ್ಯಪಾಲರು. ಆದರೆ ಕರ್ನಾಟಕದಲ್ಲಿ ಆಯ್ಕೆಯ ಕೆಲಸವೆಲ್ಲ ಹೈಕೋರ್ಟಿನದೇ. ಮೊದಲು 100 ಅಂಕದ ಪೂರ್ವಭಾವಿ ಪರೀಕ್ಷೆ. ಅದು ಬರೀ ಜರಡಿ, ಅದರ ಅಂಕ ಮುಂದಕ್ಕೆ ಲೆಕ್ಕಕ್ಕಿಲ್ಲ. ಆಮೇಲೆ ಮುಖ್ಯ ಪರೀಕ್ಷೆ, ತಲಾ 100 ಅಂಕದ ನಾಲ್ಕು ಪತ್ರಿಕೆ: ಅನುವಾದ, ಪ್ರಕ್ರಿಯಾ ಕಾನೂನು, ಸಿವಿಲ್ ತೀರ್ಪು ಬರೆಯುವುದು, ಕ್ರಿಮಿನಲ್ ತೀರ್ಪು ಬರೆಯುವುದು. ಕೊನೆಗೆ 100 ಅಂಕದ ಸಂದರ್ಶನ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಮೇಲೆ, ಹೊಸ ನೇಮಕಾತಿಗಳಿಗೆ ಕನಿಷ್ಠ ಮೂರು ವರ್ಷ ವಕೀಲಿಕೆಯೂ ಬೇಕು. ಕಾಲೇಜಿನಿಂದ ನೇರ ಪೀಠಕ್ಕೆ ಬರುವ ದಾರಿ ಮುಚ್ಚಿತು. ನನ್ನ ಮಟ್ಟಿಗೆ ಒಳ್ಳೆಯದೇ ಆಯಿತು. ಕಕ್ಷಿದಾರ ಯಾಕೆ ಗಾಬರಿಯಾಗಿದ್ದಾನೆ ಅನ್ನುವುದು ಪುಸ್ತಕದಲ್ಲಿ ಸಿಗುವುದಿಲ್ಲ.

ಅನುವಾದದ ಪತ್ರಿಕೆಯನ್ನು ಹೊರಗಿನವರು ಸಸಾರ ಮಾಡುತ್ತಾರೆ. ಪಾಂಡವಪುರದ ರೈತ ಕಟಕಟೆಯಲ್ಲಿ ನಿಂತು "ಆ ಎರಡೆಕರೆ ನಮ್ಮಪ್ಪನ ಕಾಲದಿಂದ ನಮ್ಮ ಅನುಭವದಲ್ಲೇ ಅದೆ" ಎನ್ನುತ್ತಾನೆ. ಇಲ್ಲಿ ‘ಅನುಭವ’ ಎಂದರೆ ಇಂಗ್ಲಿಷಿನ ಎಕ್ಸ್‌ಪೀರಿಯೆನ್ಸ್ ಅಲ್ಲ, ಪೊಸೆಷನ್. ಅದೇ ವಾಕ್ಯವನ್ನು ‘ನಮ್ಮ ಒಡೆತನದಲ್ಲಿದೆ’ ಎಂಬ ಅರ್ಥ ಬರುವಂತೆ ಬರೆದುಕೊಂಡರೆ ಇನ್ನೊಂದು ಅನಾಹುತ. ಸ್ವಾಧೀನ ಬೇರೆ, ಹಕ್ಕು ಬೇರೆ. ಮೇಲ್ಮನವಿಯಲ್ಲಿ ಹೈಕೋರ್ಟು ಓದುವುದು ಆ ಕಾಗದವನ್ನು, ರೈತನ ಮುಖವನ್ನಲ್ಲ.

ಇನ್ನು ಸಿವಿಲ್ ತೀರ್ಪಿನ ಪತ್ರಿಕೆ. ಅದರಲ್ಲಿ ‘ವಿವಾದಾಂಶ’ ರಚಿಸಲು ಕೇಳುತ್ತಾರೆ. ವಕೀಲರ ಬಾಯಲ್ಲಿ ಅದು ‘ಇಷ್ಯೂಸ್’, ಅಂದರೆ ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳು. ನಮ್ಮ ಜಿಲ್ಲೆಗಳಲ್ಲಿ ದಿನಾ ಬರುವ ಒಂದು ದಾವೆ ತೆಗೆದುಕೊಳ್ಳಿ. ಮದುವೆಯಾಗಿ ಹೋದ ಅಕ್ಕ ತಂಗಿಯರು ಪಿತ್ರಾರ್ಜಿತದಲ್ಲಿ ಪಾಲು ಕೇಳಿದ್ದಾರೆ. ಅಣ್ಣತಮ್ಮಂದಿರು "ಎಲ್ಲಾ ಆವಾಗ್ಲೇ ಪಾಲಾಗೋಗಿದೆ, ಪಾರೀಕತ್ತು ಆಗಿದೆ" ಎಂದು ತಕರಾರು ಹಾಕಿದ್ದಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದ ಮೂಲಕವೋ ಕೋರ್ಟಿನ ಡಿಕ್ರಿಯ ಮೂಲಕವೋ ಪಾಲಾಗಿದ್ದರೆ ಮಾತ್ರ ಅದನ್ನು ಕದಲಿಸುವಂತಿಲ್ಲ. ಬಾಯಿಮಾತಿನ ಪಾಲನ್ನು ಸುಲಭಕ್ಕೆ ಒಪ್ಪಬಾರದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. ಹಾಗಾದರೆ ವಿವಾದಾಂಶ ಎರಡು. ಆಸ್ತಿ ಒಟ್ಟು ಕುಟುಂಬದ್ದು ಎಂದು ವಾದಿಯರು ರುಜುವಾತು ಮಾಡಬೇಕು. ಮೊದಲೇ ಪಾಲಾಗಿತ್ತು ಎಂದು ಪ್ರತಿವಾದಿಗಳು ರುಜುವಾತು ಮಾಡಬೇಕು. ಜಡ್ಜು ಇಲ್ಲಿ ಎಡವಿ, ‘ಪಾಲಾಗಿಲ್ಲ ಎಂದು ವಾದಿಯರು ರುಜುವಾತು ಮಾಡುತ್ತಾರೆಯೇ’ ಎಂದು ಬರೆದುಬಿಟ್ಟರೆ ಭಾರವೆಲ್ಲ ತಪ್ಪು ಹೆಗಲಿಗೆ ಬೀಳುತ್ತದೆ. ಇಲ್ಲದ್ದನ್ನು ಇಲ್ಲ ಎಂದು ಹೇಗೆ ತೋರಿಸುವುದು? ಐದಾರು ವರ್ಷ ಸಾಕ್ಷಿ ನಡೆದು, ತೀರ್ಪಾಗಿ, ಅಪೀಲಿನಲ್ಲಿ ‘ವಿವಾದಾಂಶವೇ ಸರಿಯಿಲ್ಲ’ ಎಂದು ಮತ್ತೆ ಕೆಳಗಿನ ಕೋರ್ಟಿಗೇ ವಾಪಸ್. ಅಷ್ಟರಲ್ಲಿ ತಂಗಿಗೂ ಮೊಮ್ಮಕ್ಕಳಾಗಿರುತ್ತವೆ.

ಆ ಒಂದು ವಾಕ್ಯ ಸರಿಯಾಗಿ ಬರೆಯುವ ಶಕ್ತಿಯನ್ನು ಯಾವ ಮತಪೆಟ್ಟಿಗೆ ಅಳೆಯುತ್ತದೆ?

ಶಕ್ತಿಯ ಮಾತು ಬಿಡಿ, ಧೈರ್ಯದ ಮಾತಿಗೆ ಬರೋಣ. ಇದೇ ದಾವೆಯನ್ನು ಐದು ವರ್ಷಕ್ಕೊಮ್ಮೆ ಓಟು ಕೇಳಬೇಕಾದ ಜಡ್ಜು ನಡೆಸುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಹೆಣ್ಣುಮಕ್ಕಳು ಕೋರ್ಟಿಗೆ ಬಂದು ಪಾಲು ಕೇಳಿದರೆ ನಮ್ಮ ಹಳ್ಳಿಗಳಲ್ಲಿ ಈಗಲೂ ಯಾರಿಗೂ ಖುಷಿಯಿಲ್ಲ. "ವರದಕ್ಷಿಣೆ ಕೊಟ್ಟಿಲ್ವಾ, ಬಾಣಂತನ ಮಾಡಿಲ್ವಾ" ಎನ್ನುವವರೇ ಹೆಚ್ಚು. ತಂಗಿ ಓಟು ಹಾಕುವುದು ಗಂಡನ ಮನೆಯ ಊರಲ್ಲಿ, ಬಹುಶಃ ಬೇರೆ ತಾಲ್ಲೂಕಿನಲ್ಲಿ. ಅಣ್ಣತಮ್ಮಂದಿರು, ಅವರ ಹೆಂಡಿರು ಮಕ್ಕಳು, ದಾಯಾದಿಗಳು, ಪಾಲು ಮಾಡಿಸಿದ ಊರ ಯಜಮಾನರು, ಎಲ್ಲರ ಓಟೂ ಇಲ್ಲೇ. ಹತ್ತು ಇಂಥ ತೀರ್ಪು ಕೊಟ್ಟ ಜಡ್ಜಿನ ಹೆಸರು ಹತ್ತು ಹಳ್ಳಿಯಲ್ಲಿ ಕೆಟ್ಟಿರುತ್ತದೆ. ಕಾನೂನು ತಂಗಿಯ ಕಡೆಗಿದೆ, ಲೆಕ್ಕ ಅಣ್ಣನ ಕಡೆಗಿದೆ.

ಈಗಿನ ವ್ಯವಸ್ಥೆ ಈ ಲೆಕ್ಕವನ್ನು ತಪ್ಪಿಸಲೆಂದೇ ಮಾಡಿಕೊಂಡ ಒಂದು ಏರ್ಪಾಡಿದೆ. ಕೆಳ ಕೋರ್ಟಿನ ಜಡ್ಜನ್ನು ಸಾಮಾನ್ಯವಾಗಿ ಸ್ವಂತ ಜಿಲ್ಲೆಗೆ ಹಾಕುವುದಿಲ್ಲ, ಮೂರು ವರ್ಷದ ಆಸುಪಾಸಿನಲ್ಲಿ ಬೇಸಿಗೆ ರಜೆಯ ಹೊತ್ತಿಗೆ ವರ್ಗ ಮಾಡುತ್ತಾರೆ. ಬೀದರ್ ಕಡೆಯವರು ನಾಗಮಂಗಲಕ್ಕೆ ಬಂದಾಗ ಅವರಿಗೆ ಊರವರ ಪರಿಚಯವಿರುವುದಿಲ್ಲ, ಇರಬಾರದು ಎಂಬುದೇ ಲೆಕ್ಕಾಚಾರ. ಚುನಾವಣೆಗೆ ನಿಲ್ಲುವವರಿಗೆ ಬೇಕಾದ ಮೊದಲ ಅರ್ಹತೆ ಇದಕ್ಕೆ ತದ್ವಿರುದ್ಧ: ಊರೂರಲ್ಲೂ ಪರಿಚಯ, ಮದುವೆಮನೆಗಳಲ್ಲಿ ಹಾಜರಿ, ಸಾವಿನ ಮನೆಯಲ್ಲಿ ಸಾಂತ್ವನ.

ಎರಡನೆಯ ಬಾಗಿಲು ಜಿಲ್ಲಾ ನ್ಯಾಯಾಧೀಶರದು, 233ನೇ ವಿಧಿ. ನಾಲ್ಕರಲ್ಲಿ ಒಂದು ಪಾಲು ಹುದ್ದೆಗೆ ನೇರವಾಗಿ ಪರೀಕ್ಷೆಯ ಮೂಲಕ ತೆಗೆದುಕೊಳ್ಳುತ್ತಾರೆ, ಏಳು ವರ್ಷದ ಅನುಭವ ಬೇಕು. ಮೊದಲು ಇದು ವಕೀಲರಿಗೆ ಮಾತ್ರ ಇತ್ತು, 2025ರ ಅಕ್ಟೋಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಕೆಳ ಕೋರ್ಟಿನ ಜಡ್ಜುಗಳೂ ಬರೆಯಬಹುದು. ಉಳಿದದ್ದು ಕೆಳಗಿನಿಂದ ಬಡ್ತಿ. ಆ ಬಡ್ತಿಯೊಳಗೂ ಒಂದು ಪಾಲನ್ನು ಸೀಮಿತ ಸ್ಪರ್ಧಾತ್ಮಕ ಪರೀಕ್ಷೆಗೆ ಇಟ್ಟಿದ್ದಾರೆ, 2010ರಲ್ಲಿ ಶೇ. 10ಕ್ಕೆ ಇಳಿದಿದ್ದನ್ನು 2025ರಲ್ಲಿ ಮತ್ತೆ ಶೇ. 25ಕ್ಕೆ ಏರಿಸಿದರು. ಇದರ ಬಗ್ಗೆ ಹೊರಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಒಳಗಿನವರಿಗೆ ಮಾತ್ರ ಇದೇ ಊಟ ನಿದ್ದೆ.

ಮೂರನೆಯ ಬಾಗಿಲು ಹೈಕೋರ್ಟಿನದು. ಜಗಳವಿರುವುದು ಇಲ್ಲಿ. ಕರ್ನಾಟಕ ಹೈಕೋರ್ಟಿನ ಮಂಜೂರಾದ ಬಲ 62. ಇದರಲ್ಲಿ 47 ಕಾಯಂ, 15 ಹೆಚ್ಚುವರಿ. ಒಂದು ಹುದ್ದೆ ಖಾಲಿಯಾಗುವ ಆರು ತಿಂಗಳ ಮೊದಲೇ ಹೆಸರು ಕಳಿಸಬೇಕೆಂದು ನಿಯಮ. ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಹಿರಿಯ ನ್ಯಾಯಮೂರ್ತಿಗಳು ಸೇರಿ ಹೆಸರು ಆರಿಸುತ್ತಾರೆ. ಅದು ರಾಜ್ಯ ಸರ್ಕಾರಕ್ಕೆ ಹೋಗುತ್ತದೆ, ಆರು ವಾರದೊಳಗೆ ಅಭಿಪ್ರಾಯ ಬರಬೇಕು. ಅಲ್ಲಿಂದ ದಿಲ್ಲಿಯ ಕಾನೂನು ಇಲಾಖೆ, ಗುಪ್ತಚರ ವಿಭಾಗದ ವರದಿ, ಸುಪ್ರೀಂ ಕೋರ್ಟಿನ ಕೊಲಿಜಿಯಂ, ಮತ್ತೆ ಕಾನೂನು ಮಂತ್ರಿ, ಪ್ರಧಾನಿ, ರಾಷ್ಟ್ರಪತಿ. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ಗಡುವು ಹಾಕಿತು: ಗುಪ್ತಚರ ವರದಿಗೆ 4ರಿಂದ 6 ವಾರ, ಕೇಂದ್ರ ಸರ್ಕಾರ ಕೊಲಿಜಿಯಂಗೆ ಕಡತ ಕಳಿಸಲು 8ರಿಂದ 12 ವಾರ, ಕೊಲಿಜಿಯಂ ಅದೇ ಹೆಸರನ್ನು ಮತ್ತೆ ಒತ್ತಿ ಹೇಳಿದರೆ 3-4 ವಾರದಲ್ಲಿ ನೇಮಕ.

ಗಡುವು ಮೀರಿದರೆ ಏನು? ಏನೂ ಇಲ್ಲ. ಈ ಇಡೀ ಯಂತ್ರದಲ್ಲಿ ಸಡಿಲ ಬಿದ್ದಿರುವ ಮೊಳೆ ಇದೇ. ಕಡತವನ್ನು ‘ಇಲ್ಲ’ ಎಂದು ವಾಪಸ್ ಕಳಿಸಿದರೆ ಕಾರಣ ಕೊಡಬೇಕಾಗುತ್ತದೆ. ಸುಮ್ಮನೆ ಇಟ್ಟುಕೊಂಡರೆ ಕಾರಣವೂ ಬೇಡ. ಬೆಳಗಾವಿಯಲ್ಲಿದ್ದ ಜಿಲ್ಲಾ ನ್ಯಾಯಾಧೀಶರೊಬ್ಬರ ಹೆಸರು 2016ರಲ್ಲಿ ಹೈಕೋರ್ಟಿಗೆ ಶಿಫಾರಸಾಯಿತು, ಅವರು ಪ್ರಮಾಣವಚನ ತೆಗೆದುಕೊಂಡಿದ್ದು 2020ರಲ್ಲಿ. ಬೆಂಗಳೂರಿನ ಹಿರಿಯ ವಕೀಲರೊಬ್ಬರ ಹೆಸರನ್ನು 2021ರಲ್ಲಿ ಎರಡು ಸಲ ಕಳಿಸಿದರು, ವರ್ಷ ಕಾದು 2022ರಲ್ಲಿ ಅವರೇ ಒಪ್ಪಿಗೆ ವಾಪಸ್ ತೆಗೆದುಕೊಂಡರು. ವಕೀಲಿಕೆ ಚೆನ್ನಾಗಿ ನಡೆಯುತ್ತಿರುವವರು ಹೊಸ ಕೇಸು ಹಿಡಿಯುವುದೋ ಬೇಡವೋ ಎಂದು ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟುಕೊಂಡು ಎಷ್ಟು ದಿನ ನಿಲ್ಲುತ್ತಾರೆ? ನಾಲ್ಕು ಹೆಸರು ಒಟ್ಟಿಗೆ ಹೋದಾಗ ಎರಡನ್ನು ಮಾತ್ರ ಬೇಗ ಮಾಡಿ ಎರಡನ್ನು ತಡೆದರೆ ಹಿರಿತನವೇ ಅದಲು ಬದಲಾಗುತ್ತದೆ. ಇವತ್ತಿನ ನಾಲ್ಕು ತಿಂಗಳ ವ್ಯತ್ಯಾಸ ಹತ್ತು ವರ್ಷದ ಮೇಲೆ ಯಾರು ಮುಖ್ಯ ನ್ಯಾಯಮೂರ್ತಿ ಆಗುತ್ತಾರೆ ಎಂಬುದನ್ನು ನಿರ್ಧರಿಸುತ್ತದೆ. ಸರ್ಕಾರಗಳಿಗೆ ಇದು ಗೊತ್ತಿಲ್ಲದ್ದೇನಲ್ಲ.

ಹಾಗಂತ ಕೊಲಿಜಿಯಂ ಎಂಬುದು ಆಕಾಶದಿಂದ ಇಳಿದದ್ದೂ ಅಲ್ಲ, ಸಂವಿಧಾನದಲ್ಲಿ ಆ ಪದವೇ ಇಲ್ಲ. ಸಂವಿಧಾನ ರಚನಾ ಸಭೆಯಲ್ಲಿ 1949ರ ಮೇ 24ರಂದು ಅಂಬೇಡ್ಕರ್ ಎರಡೂ ತುದಿಗಳನ್ನು ಬೇಡ ಎಂದಿದ್ದರು. ಬ್ರಿಟನ್ನಿನ ಹಾಗೆ ಸರ್ಕಾರವೊಂದೇ ನೇಮಿಸುವುದು ಬೇಡ, ಅಮೆರಿಕದ ಹಾಗೆ ಸೆನೆಟ್ಟಿನ ಒಪ್ಪಿಗೆ ಬೇಕೆನ್ನುವುದೂ ಬೇಡ. ಮುಖ್ಯ ನ್ಯಾಯಮೂರ್ತಿಯ ಮಾತೇ ಅಂತಿಮ ಎಂಬುದೂ ಅವರಿಗೆ ಒಪ್ಪಿಗೆಯಿರಲಿಲ್ಲ. ಮುಖ್ಯ ನ್ಯಾಯಮೂರ್ತಿಯೂ ನಮ್ಮ ನಿಮ್ಮ ಹಾಗೆ ರಾಗದ್ವೇಷವಿರುವ ಮನುಷ್ಯನೇ ಎಂಬುದು ಅವರ ವಾದ. ಕೇಳಿದರೆ ಸಾಕು, ಒಪ್ಪಿಗೆ ಬೇಕಿಲ್ಲ ಎಂದು ‘ಸಮಾಲೋಚನೆ’ ಎಂಬ ಪದ ಇಟ್ಟರು.

ಆ ಪದ ಎಷ್ಟು ತೆಳುವೆಂದು 1973ರಲ್ಲಿ ಗೊತ್ತಾಯಿತು. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಮುಟ್ಟುವಂತಿಲ್ಲ ಎಂದ ಕೇಶವಾನಂದ ಭಾರತಿ ತೀರ್ಪು ಬಂದ ಮರುದಿನ, ಏಪ್ರಿಲ್ 25ರಂದು, ಸರ್ಕಾರ ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ದಾಟಿಸಿಕೊಂಡ ಮೂವರಲ್ಲಿ ನಮ್ಮ ಕೆ.ಎಸ್. ಹೆಗ್ಡೆಯವರೂ ಒಬ್ಬರು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು ನಾಲ್ಕು ವರ್ಷದ ನಂತರ ಲೋಕಸಭೆಗೆ ಗೆದ್ದು ಸ್ಪೀಕರ್ ಆದರು. ಓಟು ಕೇಳುವ ಕೆಲಸ ಕುರ್ಚಿ ಬಿಟ್ಟ ಮೇಲಿನದು, ಅದರಲ್ಲಿ ತಪ್ಪೇನಿಲ್ಲ. 1981ರಲ್ಲಿ ಎಸ್.ಪಿ. ಗುಪ್ತಾ ಪ್ರಕರಣದಲ್ಲಿ ಏಳು ಜನರ ಪೀಠ ಸರ್ಕಾರದ ಮಾತೇ ಮೇಲು ಎಂದಿತು. ಆ ಏಳು ಜನರಲ್ಲಿ ಪಾಂಡವಪುರ ತಾಲ್ಲೂಕು ಇಂಗಲಗುಪ್ಪೆಯ ಇ.ಎಸ್. ವೆಂಕಟರಾಮಯ್ಯನವರೂ ಇದ್ದರು, ಮುಂದೆ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದವರು. 1993ರಲ್ಲಿ ಒಂಬತ್ತು ಜನರ ಪೀಠ ಅದನ್ನು ತಿರುಗಿಸಿ ಹಾಕಿತು, ಕೊಲಿಜಿಯಂ ಹುಟ್ಟಿದ್ದು ಅಲ್ಲೇ. 1998ರಲ್ಲಿ ಅದು ಐವರದ್ದಾಯಿತು. 2014ರಲ್ಲಿ ಸಂಸತ್ತು ಕೊಲಿಜಿಯಂ ಬದಲಿಗೆ ನೇಮಕ ಆಯೋಗವೊಂದನ್ನು ತಂದಿತು, 2015ರ ಅಕ್ಟೋಬರ್ 16ರಂದು ಅದು ಸುಪ್ರೀಂ ಕೋರ್ಟಿನಲ್ಲಿ 4-1ರಲ್ಲಿ ರದ್ದಾಯಿತು. ಅಂದರೆ ಐವತ್ತು ವರ್ಷದಿಂದ ಎಳೆದಾಟ ನಡೆದಿರುವುದು ಸರ್ಕಾರಕ್ಕೂ ಜಡ್ಜುಗಳಿಗೂ. ಜನರನ್ನು ಮಧ್ಯಕ್ಕೆ ಕರೆದವರೇ ಇಲ್ಲ. ಕರೆಯಬೇಕಿತ್ತು ಎನ್ನುವವರ ಸಿಟ್ಟು ನನಗೆ ಅರ್ಥವಾಗುತ್ತದೆ.

ಕರೆದ ಕಡೆ ಏನಾಗಿದೆ ಎಂದೂ ನೋಡಬೇಕಲ್ಲ.

ಅಮೆರಿಕದಲ್ಲಿ ಕೇಂದ್ರದ ಜಡ್ಜುಗಳನ್ನು ಅಧ್ಯಕ್ಷರು ನೇಮಿಸುತ್ತಾರೆ. ರಾಜ್ಯಗಳ ಕೋರ್ಟಿಗೆ ಮಾತ್ರ ಬಹಳ ಕಡೆ ಚುನಾವಣೆ. ಎಲ್ಲ ಜಡ್ಜುಗಳನ್ನೂ ಚುನಾವಣೆಯಿಂದ ಆರಿಸಲು ಹೊರಟ ಮೊದಲ ರಾಜ್ಯ ಮಿಸಿಸಿಪ್ಪಿ, 1832ರಲ್ಲಿ. ಆಗಿನ ಉದ್ದೇಶ ಒಳ್ಳೆಯದೇ: ಬೇಕಾದವರಿಗೆ ಕುರ್ಚಿ ಹಂಚುವುದು ನಿಲ್ಲಲಿ ಎಂದು. ಈಗ ವೆಸ್ಟ್ ವರ್ಜೀನಿಯಾದ ಕಥೆ ಕೇಳಿ. ಮ್ಯಾಸ್ಸಿ ಎಂಬ ಕಲ್ಲಿದ್ದಲು ಕಂಪನಿಯ ವಿರುದ್ಧ ಜ್ಯೂರಿ 5 ಕೋಟಿ ಡಾಲರ್ ಪರಿಹಾರ ವಿಧಿಸಿತು. ಅಪೀಲು ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಗುವ ಮುಂಚೆ, 2004ರಲ್ಲಿ, ಆ ಕೋರ್ಟಿನ ಒಂದು ಸ್ಥಾನಕ್ಕೆ ಚುನಾವಣೆ ಬಂತು. ಕಂಪನಿಯ ಮುಖ್ಯಸ್ಥ ಒಬ್ಬ ಅಭ್ಯರ್ಥಿಯ ಪರವಾಗಿ ಸುಮಾರು 30 ಲಕ್ಷ ಡಾಲರ್ ಸುರಿದರು. ಅಭ್ಯರ್ಥಿ ಗೆದ್ದರು. ಕೇಸು ಬಂದಾಗ ಅವರು ಹಿಂದೆ ಸರಿಯಲಿಲ್ಲ. 3-2ರಲ್ಲಿ ಪರಿಹಾರ ರದ್ದಾಯಿತು, ಆ ಮೂರರಲ್ಲಿ ಒಂದು ಅವರದ್ದು. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರು ಸರಿಯಬೇಕಿತ್ತು ಎಂದಿತು. ಅದೂ 5-4ರಲ್ಲಿ! ಇಷ್ಟು ಎದ್ದು ಕಾಣುವ ವಿಷಯದಲ್ಲೂ ನಾಲ್ವರಿಗೆ ಇದು ಸಂವಿಧಾನದ ಪ್ರಶ್ನೆ ಅನ್ನಿಸಲಿಲ್ಲ.

ಮಂಡ್ಯಕ್ಕೆ ಇದನ್ನು ತಂದು ಕೂರಿಸಿ ನೋಡಿ. 2024ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಕೆ.ಆರ್.ಎಸ್. ಅಣೆಕಟ್ಟೆಯ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ನಿಲ್ಲಿಸುವಂತೆ ಹೇಳಿತು. ಬೇಬಿ ಬೆಟ್ಟದ ಸುತ್ತ ಕಲ್ಲು ಒಡೆಯುವ ವ್ಯವಹಾರದಲ್ಲಿ ಎಷ್ಟು ಜನರ ದುಡ್ಡಿದೆ ಎಂಬುದು ಜಿಲ್ಲೆಗೆ ಗೊತ್ತು. ಅಂಥ ಆದೇಶ ಕೊಡಬೇಕಾದ ಜಡ್ಜು ಚುನಾವಣೆಯಲ್ಲಿ ಗೆದ್ದು ಬರಬೇಕು ಎಂದಾದರೆ ಚಂದಾ ಪುಸ್ತಕ ಹಿಡಿದು ಯಾರ ಬಾಗಿಲಿಗೆ ಹೋಗುತ್ತಾರೆ? ಖರ್ಚಿನ ಲೆಕ್ಕವನ್ನೂ ಹಾಕೋಣ. ಮಂಡ್ಯ ಜಿಲ್ಲೆಯಲ್ಲಿ 7 ವಿಧಾನಸಭಾ ಕ್ಷೇತ್ರ. ಒಂದು ಕ್ಷೇತ್ರಕ್ಕೆ ಅಭ್ಯರ್ಥಿಯ ಅಧಿಕೃತ ಖರ್ಚಿನ ಮಿತಿ 40 ಲಕ್ಷ ರೂಪಾಯಿ. ಜಿಲ್ಲಾ ನ್ಯಾಯಾಧೀಶರ ಚುನಾವಣೆಗೆ ಅದೇ ಅಳತೆ ಹಿಡಿದರೆ 2.80 ಕೋಟಿ. ಜಿಲ್ಲಾ ನ್ಯಾಯಾಧೀಶರ ಆರಂಭದ ಮೂಲ ವೇತನ ತಿಂಗಳಿಗೆ 1,44,840 ರೂಪಾಯಿ. ಊಟ ತಿಂಡಿ ಬಿಟ್ಟು ಹದಿನಾರು ವರ್ಷದ ಮೂಲ ವೇತನ ಕೂಡಿಟ್ಟರೂ ಆ ಮೊತ್ತಕ್ಕೆ ಇನ್ನೂ ಸುಮಾರು 1.9 ಲಕ್ಷ ಕಡಿಮೆ ಬೀಳುತ್ತದೆ. ಇದು ಅಧಿಕೃತ ಮಿತಿಯ ಲೆಕ್ಕ ಮಾತ್ರ, ಬಾಡೂಟ, ಕವರು ಇದರಲ್ಲಿಲ್ಲ.

ವಿಸ್ಕಾನ್ಸಿನ್ ರಾಜ್ಯದಲ್ಲಿ 2025ರ ಏಪ್ರಿಲ್‌ನಲ್ಲಿ ಒಂದೇ ಒಂದು ನ್ಯಾಯಮೂರ್ತಿ ಸ್ಥಾನಕ್ಕೆ ಎರಡೂ ಕಡೆ ಸೇರಿ ಸುಮಾರು 10 ಕೋಟಿ ಡಾಲರ್ ಖರ್ಚಾಯಿತು. ಇಲಾನ್ ಮಸ್ಕ್ ಕಡೆಯವರು ಬೆಂಬಲಿಸಿದ ಅಭ್ಯರ್ಥಿ ಸೋತರು ಎಂದು ಸಮಾಧಾನ ಪಟ್ಟವರುಂಟು. ಗೆದ್ದವರ ಹಿಂದೆಯೂ ದುಡ್ಡಿತ್ತಲ್ಲ!

ಅಯೋವಾದಲ್ಲಿ ಇನ್ನೊಂದು ಬಗೆ. ಅಲ್ಲಿ ಮೊದಲು ನೇಮಕ, ಆಮೇಲೆ ‘ಇವರನ್ನು ಉಳಿಸಿಕೊಳ್ಳೋಣವೇ’ ಎಂದು ಜನರ ಓಟು. 2009ರಲ್ಲಿ ಅಲ್ಲಿನ ಏಳೂ ನ್ಯಾಯಮೂರ್ತಿಗಳು ಒಮ್ಮತದಿಂದ ಸಲಿಂಗ ವಿವಾಹಕ್ಕೆ ಹಕ್ಕು ಕೊಟ್ಟರು. 2010ರಲ್ಲಿ ಓಟಿಗೆ ಬಂದ ಮೂವರನ್ನೂ ಜನ ಮನೆಗೆ ಕಳಿಸಿದರು. ತೀರ್ಪು ಹಾಗೇ ಉಳಿಯಿತು, ಕುರ್ಚಿ ಹೋಯಿತು. ಉಳಿದ ನಾಲ್ವರಿಗೆ ಅದೃಷ್ಟ ಇದ್ದದ್ದು ಕ್ಯಾಲೆಂಡರಿನಲ್ಲಿ. ಜಪಾನಿನಲ್ಲೂ ಇಂಥದ್ದೊಂದು ಏರ್ಪಾಡಿದೆ, ಇವತ್ತಿನವರೆಗೆ ಒಬ್ಬರನ್ನೂ ತೆಗೆದಿಲ್ಲ. ಒಂದೋ ಇಡೀ ಸಾಲು ಕೊಚ್ಚಿಹೋಗುತ್ತದೆ, ಇಲ್ಲವೇ ಎಲೆಯೂ ಅಲುಗುವುದಿಲ್ಲ.

ಮೆಕ್ಸಿಕೋದ್ದು ತಾಜಾ ಪ್ರಯೋಗ. 2024ರ ಸೆಪ್ಟೆಂಬರ್‌ನಲ್ಲಿ ಸಂವಿಧಾನ ತಿದ್ದಿ, 2025ರ ಜೂನ್ 1ರಂದು ಸುಪ್ರೀಂ ಕೋರ್ಟಿನ 9 ಸ್ಥಾನವೂ ಸೇರಿ ಕೇಂದ್ರದ 881 ಹುದ್ದೆಗೆ ಒಂದೇ ದಿನ ಚುನಾವಣೆ ಮಾಡಿದರು. ಮತದಾರನ ಕೈಗೆ ಕೇಂದ್ರದ ಹುದ್ದೆಗಳಿಗೇ ಬೇರೆ ಬೇರೆ ಬಣ್ಣದ ಆರು ಮತಪತ್ರ. ಸುಪ್ರೀಂ ಕೋರ್ಟಿನದೊಂದರಲ್ಲೇ 64 ಹೆಸರು. ಚಿಹ್ನೆ ಇಲ್ಲ, ಪಕ್ಷವಿಲ್ಲ. ಹೆಸರಿನ ಮುಂದಿನ ನಂಬರನ್ನು ನೋಡಿ ಖಾಲಿ ಚೌಕದಲ್ಲಿ ಬರೆಯಬೇಕು, ಹೆಂಗಸು ಅಭ್ಯರ್ಥಿಗಳಿಗೆ ಐದು ಚೌಕ, ಗಂಡಸು ಅಭ್ಯರ್ಥಿಗಳಿಗೆ ನಾಲ್ಕು. ಇಷ್ಟು ನಂಬರು ಯಾರಿಗೆ ನೆನಪಿರುತ್ತದೆ? ಹಾಗಾಗಿ ಯಾವ ಚೌಕಕ್ಕೆ ಯಾವ ನಂಬರು ಎಂದು ಮೊದಲೇ ಅಚ್ಚು ಹಾಕಿಸಿದ ಮಡಿಕೆ ಚೀಟಿಗಳು ಊರ ತುಂಬ ಹರಿದಾಡಿದವು. ಓಟು ಹಾಕಿದವರು ಸುಮಾರು ಶೇ. 13. ಪಕ್ಷದ ಚಿಹ್ನೆ ಬೇಡವೆಂದರೆ ಹೀಗೆ ಚೀಟಿ ಹಂಚುವವರ ಕೈಗೆ ಹೋಗುತ್ತದೆ, ಚಿಹ್ನೆ ಕೊಟ್ಟರೆ ಪಕ್ಷದ ಕೈಗೆ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯಲ್ಲೂ ಪಕ್ಷದ ಚಿಹ್ನೆ ಇಲ್ಲ. ಯಾರು ಯಾವ ಪಕ್ಷ ಎಂದು ಊರಿಗೆಲ್ಲ ಗೊತ್ತಿರುವುದಿಲ್ಲವೇ? ವಕೀಲರು ತಮ್ಮ ರಾಜ್ಯ ಪರಿಷತ್ತಿಗೆ 25 ಜನರನ್ನು ಪ್ರಾಶಸ್ತ್ಯದ ಮತದಿಂದ ಆರಿಸುತ್ತಾರೆ. ಕಾನೂನು ಓದಿದವರೇ ಮತದಾರರು. ಆ ವಾರ ಕೋರ್ಟ್ ಆವರಣದ ಫ್ಲೆಕ್ಸುಗಳನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಚುನಾವಣೆಯ ಪೆಟ್ಟು ದೊಡ್ಡ ತೀರ್ಪಿಗಿಂತ ಜಾಮೀನಿನ ಅರ್ಜಿಗೆ ಮೊದಲು ಬೀಳುತ್ತದೆ ಎಂಬುದು ನನ್ನ ಎಣಿಕೆ. ಕಾವೇರಿ ನೀರು ಬಿಟ್ಟಾಗ ಮಂಡ್ಯದಲ್ಲಿ ಹೆದ್ದಾರಿ ತಡೆಯುವುದು ಗೊತ್ತಿರುವ ಸಂಗತಿ. ಬಸ್ಸಿಗೆ ಕಲ್ಲು ಬಿದ್ದರೆ 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆ ಸೇರುತ್ತದೆ. ಅದರ 5ನೇ ಕಲಂ ಪ್ರಕಾರ ಸರ್ಕಾರಿ ವಕೀಲರಿಗೆ ಆಕ್ಷೇಪಣೆಗೆ ಅವಕಾಶ ಕೊಡದೆ ಜಾಮೀನು ಕೊಡುವಂತಿಲ್ಲ. ಜಡ್ಜು ನೋಡಬೇಕಾದ್ದು ಇಷ್ಟೇ: ಆಸಾಮಿ ಓಡಿಹೋಗುತ್ತಾನೆಯೇ, ಸಾಕ್ಷಿ ಕೆಡಿಸುತ್ತಾನೆಯೇ, ಹಿಂದೆ ಇಂಥ ಕೇಸಿದೆಯೇ. ಹೊರಗೆ ಐನೂರು ಜನ ಹಸಿರು ಶಾಲು ಹೊದ್ದು ನಿಂತಿದ್ದಾರೆ. ಓಟಿನ ಜಡ್ಜು ಆಕ್ಷೇಪಣೆಗೂ ಕಾಯದೆ ಸಂಜೆಯೊಳಗೆ ಜಾಮೀನು ಕೊಟ್ಟಾರು. ಅದೇ ಜಡ್ಜು, ನೂರು ಮನೆಯ ಊರಲ್ಲಿ ನಾಲ್ಕೇ ಮನೆಯಿರುವ ಪರಿಶಿಷ್ಟ ಜಾತಿಯವನೊಬ್ಬ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಟ್ಟಾಗ, ಆರೋಪಿಯ ಜಾಮೀನಿಗೆ ಮುಂಚೆ ದೂರುದಾರನ ಮಾತನ್ನೂ ಕೇಳಬೇಕೆಂಬ 15ಎ ಕಲಮನ್ನು ಅಷ್ಟೇ ಶ್ರದ್ಧೆಯಿಂದ ಪಾಲಿಸುತ್ತಾರೆಯೇ? ನಾಲ್ಕು ಮನೆ ಎಂದರೆ ಹೆಚ್ಚೆಂದರೆ ಇಪ್ಪತ್ತು ಓಟು.

ಇಷ್ಟೆಲ್ಲ ಹೇಳಿ ‘ಈಗಿರುವುದೇ ಸರಿ’ ಎಂದರೆ ಅದು ಮೋಸ. ಸಿವಿಲ್ ನ್ಯಾಯಾಧೀಶರ ನೇಮಕದಲ್ಲಿ ಮೀಸಲಾತಿ ಇದೆ, ಹೈಕೋರ್ಟು ಸುಪ್ರೀಂ ಕೋರ್ಟಿನಲ್ಲಿ ಇಲ್ಲ. ಹೈಕೋರ್ಟಿಗೆ ವಕೀಲರಿಂದ ಯಾರನ್ನು ಪರಿಗಣಿಸಬೇಕು ಎಂಬುದಕ್ಕೆ ಅರ್ಜಿ ಇಲ್ಲ, ಜಾಹೀರಾತಿಲ್ಲ. ಬೆಂಗಳೂರಿನ ಕೋರ್ಟ್ ಹಾಲಿನಲ್ಲಿ ಕಣ್ಣಿಗೆ ಬೀಳುವವರು ಪಟ್ಟಿಗೆ ಬರುತ್ತಾರೆ. ಮೈಸೂರಿನ ಕೃಷ್ಣರಾಜ ಬುಲೆವಾರ್ಡಿನ ಕೋರ್ಟಿನಲ್ಲಿ ಮೂವತ್ತು ವರ್ಷ ಪಾಟೀಸವಾಲು ಮಾಡಿದ ಸಮರ್ಥರು ಅಲ್ಲೇ ಮುದುಕರಾಗುತ್ತಾರೆ. ಕೊಲಿಜಿಯಂ 2017ರ ಅಕ್ಟೋಬರ್‌ನಿಂದ ನಿರ್ಣಯಗಳನ್ನು ಜಾಲತಾಣಕ್ಕೆ ಹಾಕುತ್ತಿದೆ, ಆದರೆ ಬಿಟ್ಟುಹೋದವರ ಹೆಸರು ಯಾಕೆ ಬಿಟ್ಟುಹೋಯಿತು ಎಂದು ಅಲ್ಲಿ ಹುಡುಕಿದರೆ ಸಿಗುವುದು ಅಪರೂಪ.

2014ರ ಆಯೋಗದ ಕಲ್ಪನೆ ಕೆಟ್ಟದ್ದಿರಲಿಲ್ಲ, ಕಟ್ಟಿದ ರೀತಿ ಕೆಟ್ಟದ್ದು. ಆರು ಜನ: ಮೂವರು ನ್ಯಾಯಮೂರ್ತಿಗಳು, ಕಾನೂನು ಮಂತ್ರಿ, ಇಬ್ಬರು ‘ಗಣ್ಯರು’. ಗಣ್ಯರೆಂದರೆ ಯಾರು ಎಂಬುದಕ್ಕೆ ಅರ್ಹತೆಯನ್ನೇ ಬರೆದಿರಲಿಲ್ಲ. ಆರರಲ್ಲಿ ಇಬ್ಬರು ಬೇಡವೆಂದರೆ ಹೆಸರು ಬಿದ್ದುಹೋಗುತ್ತಿತ್ತು. ಕಾನೂನೇ ಗೊತ್ತಿಲ್ಲದ ಇಬ್ಬರು ಸೇರಿಕೊಂಡು ಆಯೋಗದ ಮೂವರೂ ನ್ಯಾಯಮೂರ್ತಿಗಳ ಮಾತನ್ನು ತಡೆಯಬಹುದಿತ್ತು. ಬ್ರಿಟನ್ನಿನ ನೇಮಕ ಆಯೋಗದಲ್ಲಿ 15 ಜನ, ಅಧ್ಯಕ್ಷರು ವಕೀಲಿಕೆಗೆ ಸಂಬಂಧವಿಲ್ಲದವರು. ಹುದ್ದೆಗೆ ಜಾಹೀರಾತು ಕೊಡುತ್ತಾರೆ, ಅರ್ಜಿ ಹಾಕಬೇಕು. ದಕ್ಷಿಣ ಆಫ್ರಿಕಾದಲ್ಲಿ ಸಂದರ್ಶನವೇ ಬಹಿರಂಗ. ನನಗೆ ಹಿಡಿಸುವುದು ಬ್ರಿಟನ್ನಿನ ದಾರಿ, ಜೊತೆಗೆ ಒಂದು ಷರತ್ತು: ಕಡತ ಯಾರ ಮೇಜಿನ ಮೇಲೆ ಯಾವ ತಾರೀಖಿನಿಂದ ಇದೆ ಎಂಬುದು ಎಲ್ಲರಿಗೂ ಕಾಣಬೇಕು. ಪಾಸ್‌ಪೋರ್ಟ್ ಅರ್ಜಿಗೆ ಮಾಡಿದ್ದನ್ನು ನ್ಯಾಯಮೂರ್ತಿಯ ನೇಮಕಕ್ಕೆ ಮಾಡಲು ಏನು ಕಷ್ಟ? ಬಹಿರಂಗ ಸಂದರ್ಶನ ಮಾತ್ರ ಬೇಡ. ನಮ್ಮ ಟೀವಿಯವರ ಕೈಗೆ ಸಿಕ್ಕರೆ ಅದೂ ಒಂದು ಎಲೆಕ್ಷನ್ನೇ.

ಓಟಿಲ್ಲದಿದ್ದರೆ ಕೆಟ್ಟ ಜಡ್ಜನ್ನು ಏನು ಮಾಡುವುದು ಎಂದು ಕೇಳುತ್ತೀರಿ. ಹೈಕೋರ್ಟು ಸುಪ್ರೀಂ ಕೋರ್ಟಿನವರನ್ನು ತೆಗೆಯಲು ಸಂಸತ್ತಿನ ಎರಡೂ ಸದನದಲ್ಲಿ ವಿಶೇಷ ಬಹುಮತ ಬೇಕು, ಅದು ಗಗನಕುಸುಮ. 1993ರಲ್ಲಿ ವಿ. ರಾಮಸ್ವಾಮಿಯವರ ವಿರುದ್ಧದ ನಿರ್ಣಯ ಆಡಳಿತ ಪಕ್ಷ ಓಟು ಹಾಕದೆ ಕೂತದ್ದರಿಂದಲೇ ಬಿದ್ದುಹೋಯಿತು. ಕೆಳ ಕೋರ್ಟಿನ ಮಾತು ಬೇರೆ. 235ನೇ ವಿಧಿಯ ಪ್ರಕಾರ ಲಗಾಮು ಹೈಕೋರ್ಟಿನ ಕೈಲಿದೆ, ಜಿಲ್ಲೆಗೊಬ್ಬರು ಆಡಳಿತಾತ್ಮಕ ನ್ಯಾಯಮೂರ್ತಿ ಇರುತ್ತಾರೆ, 58 ತುಂಬುವ ಮುಂಚೆ ‘ಇವರು 60ರವರೆಗೆ ಮುಂದುವರಿಯಲು ಯೋಗ್ಯರೇ’ ಎಂಬ ಪರಿಶೀಲನೆಯೂ ಉಂಟು. ದೂರು ಕೊಡುವವರು ತಪ್ಪುವುದು ಎರಡು ಕಡೆ. ಮೊದಲನೆಯದು, ಆದೇಶ ತಪ್ಪಾಗಿದೆ ಎಂದು ಜಡ್ಜಿನ ಮೇಲೆ ದೂರು ಬರೆಯುವುದು. ಆದೇಶ ತಪ್ಪಿದ್ದರೆ ಮದ್ದು ಅಪೀಲು: ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನ. ಈ ದಿನಗಳಲ್ಲಿ ದೃಢೀಕೃತ ನಕಲು ಸಿಗಲು ಹಿಡಿದ ಕಾಲ ಕಳೆಯುತ್ತಾರೆ, ಅದಕ್ಕೇ ತೀರ್ಪಾದ ದಿನವೇ ನಕಲಿಗೆ ಅರ್ಜಿ ಹಾಕಿಬಿಡಬೇಕು. ಎರಡನೆಯದು, ಹೆಸರಿಲ್ಲದ ಮೂಕರ್ಜಿ. ನಡತೆಯ ಬಗ್ಗೆಯೇ ದೂರಿದ್ದರೆ ಹೈಕೋರ್ಟಿನ ಜಾಗೃತ ವಿಭಾಗಕ್ಕೆ, ಪ್ರಮಾಣಪತ್ರದ ಸಮೇತ, ತಾರೀಖು, ಕೇಸ್ ನಂಬರು, ಆ ದಿನದ ಆರ್ಡರ್ ಶೀಟಿನ ನಕಲು ಇಟ್ಟು ಕಳಿಸಬೇಕು. ಇಲ್ಲದಿದ್ದರೆ ಕಡತಕ್ಕೆ ಸೇರಿ ಮಲಗುತ್ತದೆ. ಕೋರ್ಟಿನಲ್ಲಿ ನ್ಯಾಯ ಸಿಗಲಾರದು ಎಂಬ ಭಯಕ್ಕೆ ಆಧಾರವಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಂ ಅಡಿ ಬೇರೆ ಕೋರ್ಟಿಗೆ ವರ್ಗಕ್ಕೆ ಕೇಳಬಹುದು. ಬರೀ ಅನುಮಾನಕ್ಕೆ ಕೊಡುವುದಿಲ್ಲ.

ಇದೆಲ್ಲಕ್ಕಿಂತ ಹೆಚ್ಚಾಗಿ ಮಂಡ್ಯದ ಕಕ್ಷಿದಾರನನ್ನು ಕಾಡುವುದು ಕೆಟ್ಟ ಜಡ್ಜಲ್ಲ, ಇಲ್ಲದ ಜಡ್ಜು. ಕೆಳ ಕೋರ್ಟಿನ ನೇಮಕಾತಿಗೆ ವರ್ಷದ ಕ್ಯಾಲೆಂಡರನ್ನು ಸುಪ್ರೀಂ ಕೋರ್ಟ್ 2007ರಲ್ಲೇ ಮಲಿಕ್ ಮಜರ್ ಸುಲ್ತಾನ್ ಪ್ರಕರಣದಲ್ಲಿ ಹಾಕಿಕೊಟ್ಟಿದೆ. ಅದು ಒಂದು ತಿಂಗಳು ಜಾರಿದರೂ ಯಾವುದೋ ತಾಲ್ಲೂಕಿನ ಕುರ್ಚಿ ಖಾಲಿ. ಆಗ ಪಕ್ಕದ ಕೋರ್ಟಿನವರಿಗೆ ಪ್ರಭಾರ ವಹಿಸುತ್ತಾರೆ. ಅವರು ತಮ್ಮ ಪಟ್ಟಿ ಮುಗಿಸಿ ಇದಕ್ಕೆ ಬರುವ ಹೊತ್ತಿಗೆ ಜಾಮೀನು, ತಡೆಯಾಜ್ಞೆಯಂಥ ತುರ್ತಿನವನ್ನು ಬಿಟ್ಟು ಉಳಿದದ್ದಕ್ಕೆಲ್ಲ ಬೆಂಚ್ ಕ್ಲರ್ಕ್ ಮುಂದಿನ ತಾರೀಖು ಬರೆದಿರುತ್ತಾರೆ. ಸಾಕ್ಷಿ ಹೇಳಲೆಂದು ಕೂಲಿ ಬಿಟ್ಟು ಬಂದವನು ಸಹಿ ಹಾಕಿ ಬಸ್ಸು ಹತ್ತುತ್ತಾನೆ. ನಿಮ್ಮ ಕೋರ್ಟು ಪ್ರಭಾರದಲ್ಲಿದೆಯೇ ಎಂದು ಹಿಂದಿನ ಸಂಜೆಯೇ ವಕೀಲರ ಗುಮಾಸ್ತರಿಗೆ ಫೋನ್ ಮಾಡಿ ಕೇಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಕೇಸಿನ ಗುರುತಾದ ಹದಿನಾರು ಅಕ್ಷರದ ಸಿಎನ್‌ಆರ್ ಸಂಖ್ಯೆ ಹಾಕಿದರೆ ಮುಂದಿನ ತಾರೀಖೂ, ಕೇಸು ಯಾವ ಹಂತದಲ್ಲಿದೆ ಎಂಬುದೂ ಕಾಣುತ್ತದೆ. ಹಂತದ ಜಾಗದಲ್ಲಿ ‘ಸಾಕ್ಷ್ಯ’ ಎಂದಿದ್ದು ಕುರ್ಚಿ ಖಾಲಿಯಿದ್ದರೆ, ದೂರದಿಂದ ಬರುವ ಸಾಕ್ಷಿಯನ್ನು ಅವತ್ತು ಕರೆಸಬೇಕೇ ಎಂದು ವಕೀಲರನ್ನು ಕೇಳಿಕೊಂಡು, ನೀವು ಮಾತ್ರ ಹಾಜರಿಗೆ ಹೋಗಿ ಬನ್ನಿ.